ಮಹಿಷನ ಚುಟ್ಟಿ ಕೈಯಲ್ಲೇ ಇಡ್ಬೇಕಾ, ರೆಡಿಮೇಡ್ ಅಂಟಿಸಿದ್ರೆ ಸಾಕಾ?

ಶನಿವಾರದ ವೇಷ
ಎಲ್ಲರಿಗೂ ನಮಸ್ಕಾರ. ನಾನು ಬೆಂಗಳೂರಲ್ಲಿ ಒಂದು ಹವ್ಯಾಸಿ ತಂಡದಲ್ಲಿ ತೆಂಕುತಿಟ್ಟು (ದಕ್ಷಿಣದ ಶೈಲಿ) ಯಕ್ಷಗಾನ ಕುಣಿಯುವವ. ವಾರವಿಡೀ ಕಂಪ್ಯೂಟರ್ ಮುಂದೆ, ಶನಿವಾರ ಮಾತ್ರ ಗೆಜ್ಜೆ. ಇಷ್ಟು ವರ್ಷ ಪುಂಡುವೇಷದಲ್ಲೇ (ಚುರುಕಿನ ಯುವವೀರರ ಪಾತ್ರ) ಇದ್ದೆ, ಅಪರೂಪಕ್ಕೆ ರಾಜವೇಷ. ಈ ಸಲ ದೇವಿ ಮಹಾತ್ಮೆಯಲ್ಲಿ ಮಹಿಷಾಸುರ ಮಾಡು ಅಂತ ಭಾಗವತರು ಹೇಳಿದ್ದಾರೆ. ಖುಷಿ ಒಂದು ಕಡೆ, ಹೆದರಿಕೆ ಇನ್ನೊಂದು ಕಡೆ.

ಸಮಸ್ಯೆ ಮುಖವರ್ಣಿಕೆಯದ್ದು, ಅದರಲ್ಲೂ ಚುಟ್ಟಿಯದ್ದು, ಅಂದ್ರೆ ಮುಖದ ಮೇಲೆ ಬೊಟ್ಟು ಬೊಟ್ಟಾಗಿ ಇಡುವ ಬಿಳಿ ಮುಳ್ಳಿನ ಸಾಲಿನದ್ದು. ನಮ್ಮ ಮೇಕಪ್ಪಿನವರು ಹೇಳೋದು: "ಫೋಮಿನಲ್ಲಿ ಕತ್ತರಿಸಿದ ಚುಟ್ಟಿ ಸಾಲು ಸಿಗ್ತದೆ, ಗಮ್ ಹಾಕಿ ಅಂಟಿಸಿದ್ರೆ ಅರ್ಧ ಗಂಟೆ, ತಲೆಬಿಸಿ ಇಲ್ಲ." ನನಗೆ ಅಕ್ಕಿಹಿಟ್ಟು, ಸುಣ್ಣದಲ್ಲಿ ನಾನೇ ಕೂತು ಇಡ್ಬೇಕು ಅಂತ ಆಸೆ. ಮುಂಗೈ ಮೇಲೆ ಪ್ರಯೋಗ ಮಾಡಿದೆ. ಒಣಗುವಾಗ ಬಿರುಕು ಬಿಟ್ಟು ಉದುರ್ತಿದೆ. ಕೆಲವು ಕಡೆ ಚರ್ಮ ಕೆಂಪಾಗಿ ಉರಿ.

ಹದ ಹೇಗೆ? ಎಷ್ಟು ಹೊತ್ತು ಬೇಕು? ಬೆವರಿಗೆ ನಿಲ್ತದಾ? ಮತ್ತೆ ಮುಖ್ಯ ಪ್ರಶ್ನೆ, ಇಷ್ಟು ಕಷ್ಟಪಡುವುದರಲ್ಲಿ ಅರ್ಥ ಉಂಟಾ?

ಬೆಳ್ತಿಗೆ ಅಕ್ಕಿ
ಮಾರಾಯ್ರೆ, ನಿಮ್ಮ ಹಿಟ್ಟು ನೀರಾಗಿದೆ, ಮತ್ತೆಂತ ಇಲ್ಲ. ಅಂಗಡಿಯ ಪ್ಯಾಕೆಟ್ ಅಕ್ಕಿಹಿಟ್ಟು ತಂದು ಕಲಸಿದ್ದಲ್ವಾ? ಅದು ಆಗುವುದಿಲ್ಲ. ಬೆಳ್ತಿಗೆ ಅಕ್ಕಿ ನೆನೆಸಿ ಕಲ್ಲಿನಲ್ಲಿ ನುಣ್ಣಗೆ ಅರೆಯಬೇಕು. ಬಟ್ಟೆಯಲ್ಲಿ ಕಟ್ಟಿ ನೀರು ಇಳಿಸಬೇಕು. ಬೆರಳಲ್ಲಿ ತಿಕ್ಕಿದರೆ ತರಿ ಸಿಗಬಾರದು. ತರಿ ಇದ್ದ ಕಡೆಯಿಂದಲೇ ಬಿರುಕು ಶುರು ಆಗುವುದು.

ಹದ ಕೇಳಿದ್ರಿ. ನೀರುದೋಸೆಯ ಹಿಟ್ಟಲ್ಲ, ಉದ್ದಿನ ವಡೆಯ ಹಿಟ್ಟು. ಕಡ್ಡಿಯಲ್ಲಿ ಎತ್ತಿದರೆ ತುದಿ ಚೂಪಾಗಿ ನಿಲ್ಲಬೇಕು, ಬಗ್ಗಿ ಬೀಳಬಾರದು. ಸುಣ್ಣ ಕಮ್ಮಿ ಹಾಕಿ. ಗಟ್ಟಿಯಾಗಲಿ ಅಂತ ಸುಣ್ಣ ಸುರಿದರೆ ನಿಮ್ಮ ಕೆನ್ನೆ ಬೇಯ್ತದೆ. ವೀಳ್ಯಕ್ಕೆ ಹಾಕುವ ಹಳೆಯ ಚಿಪ್ಪಿನ ಸುಣ್ಣ ಸಿಕ್ಕಿದರೆ ಒಳ್ಳೆಯದು. ಹೊಸತಾಗಿ ಅರಳಿಸಿದ ಸುಣ್ಣವನ್ನು ಮುಖದ ಹತ್ತಿರ ತರಲೇಬೇಡಿ.

ಒಂದೇ ಸಲಕ್ಕೆ ದಪ್ಪ ಇಡಬೇಡಿ. ಮೊದಲ ಸಾಲು ಸಣ್ಣ ಬೊಟ್ಟು. ಅದು ಒಣಗಿದ ಮೇಲೆ ಅದರ ತಲೆಯ ಮೇಲೆ ಇನ್ನೊಂದು. ಹೀಗೆ ಏರಿಸಿ ಏರಿಸಿ ಮುಳ್ಳು ಮಾಡುವುದು.

ಕಾಮೆಂಟ್ ಕಾಮತ್
ಫೋಟೋ ಹಾಕಿ ಸ್ವಾಮಿ, ಮುಂಗೈಯದ್ದಾದರೂ.

ಮೂವತ್ತನೇ ಸಾಲು
ನಾನು ವಿರೋಧ ಪಕ್ಷ. ಪ್ರೇಕ್ಷಕರು ಕೂರುವುದು ಎಲ್ಲಿ? ಅಲ್ಲಿಂದ ನಿಮ್ಮ ಚುಟ್ಟಿ ಅಕ್ಕಿಯದ್ದೋ ಫೋಮಿನದ್ದೋ ಅಂತ ಯಾರಿಗೆ ಗೊತ್ತಾಗ್ತದೆ? ಬಿಳಿ ಮುಳ್ಳು ಕಂಡರೆ ಆಯ್ತು. ಕೈಯಲ್ಲಿ ಇಡುವ ಮೂರು ಗಂಟೆ ಉಳಿಸಿ ಅರ್ಥಗಾರಿಕೆ (ವೇಷಧಾರಿ ಆಡುವ ಮಾತು) ಅಭ್ಯಾಸ ಮಾಡಿ. ಎಷ್ಟೋ ಹವ್ಯಾಸಿ ಮಹಿಷರು ಮುಖ ಭಯಂಕರ ಮಾಡ್ಕೊಂಡು ಬಂದು ಬಾಯಿ ಬಿಟ್ಟ ಕೂಡಲೇ ಬ್ಯಾಂಕ್ ಮ್ಯಾನೇಜರ್ ಆಗಿಬಿಡ್ತಾರೆ.

ಕುಂದಾಪ್ರದ್ ಮಾಣಿ
ಬ್ಯಾಂಕ್ ಮ್ಯಾನೇಜರ್ ಹ್ಹಹ್ಹ! ನಮ್ಮ್ ಬದಿಯಂಗೆ ಒಬ್ರ್ ಇದ್ರ್, ನಿಜಕ್ಕೂ ಬ್ಯಾಂಕಿನರೇ. ಘಟೋತ್ಕಚ ಮಾಡ್ರೆ ಸಾಲ ವಸೂಲಿಗ್ ಬಂದಂಗೇ ಇರ್ತಿತ್.

ಚೌಕಿಯ ಮೂಲೆ
ನಾನು ಮೇಳದಲ್ಲಿ (ವೃತ್ತಿ ತಂಡದಲ್ಲಿ) ಬಣ್ಣದ ವೇಷ, ಅಂದರೆ ರಾಕ್ಷಸ ಪಾತ್ರ, ಮಾಡಿಕೊಂಡೇ ತಿರುಗಾಟ ಮುಗಿಸಿದವ. ಈಗ ಮೊಣಕಾಲು ಒಪ್ಪುವುದಿಲ್ಲ. ಮೊಮ್ಮಗಳು ಬರೆದುಕೊಡುತ್ತಿದ್ದಾಳೆ.

ಮೂವತ್ತನೇ ಸಾಲಿನವರು ಹೇಳಿದ್ದರಲ್ಲಿ ಒಂದು ಸರಿ, ಮಾತು ಬಾರದವನಿಗೆ ಚುಟ್ಟಿ ಮಾತು ಕಲಿಸುವುದಿಲ್ಲ. ಆದರೆ ಅಂಟಿಸಿದ ಸಾಲು ದೂರದವರಿಗೂ ಗೊತ್ತಾಗುತ್ತದೆ. ಹೇಗೆಂದರೆ, ಅದು ಅಲುಗಾಡುವುದಿಲ್ಲ. ಅಕ್ಕಿಯ ಚುಟ್ಟಿ ಚರ್ಮದ ಮೇಲೆಯೇ ಬೆಳೆದದ್ದು. ಕಣ್ಣು ಅರಳಿಸಿದರೆ ಅದರ ಸುತ್ತಲಿನ ಸಾಲೂ ಅರಳುತ್ತದೆ. ಕೆನ್ನೆ ಎಳೆದರೆ ಮುಳ್ಳೆಲ್ಲ ಒಟ್ಟಿಗೆ ಏಳುತ್ತವೆ. ದೀವಟಿಗೆ ಹಿಡಿದು ಸಭೆಯ ನಡುವಿನಿಂದ ಮಹಿಷ ಬರುವಾಗ ಮಕ್ಕಳು ಅಮ್ಮಂದಿರ ಸೆರಗು ಹಿಡಿಯುವುದು ಆ ಅಲುಗಾಟಕ್ಕೆ.

ಶನಿವಾರದ ವೇಷದವರೇ, ಒಂದು ವಿಷಯ ಯಾರೂ ಹೇಳಿಕೊಡುವುದಿಲ್ಲ, ಬರೆದಿಟ್ಟುಕೊಳ್ಳಿ. ಕಣ್ಣಿನ ಮೇಲಿನ ಮೊದಲ ಸಾಲು ಇಡುವಾಗ ಹುಬ್ಬನ್ನು ಪೂರ್ತಿ ಏರಿಸಿ ಹಿಡಿದುಕೊಳ್ಳಬೇಕು. ಸುಮ್ಮನೆ ಕೂತ ಮುಖದ ಮೇಲೆ ಇಟ್ಟರೆ ರಂಗದಲ್ಲಿ ಹುಬ್ಬು ಹಾರಿಸಿದ ಕೂಡಲೇ ಬುಡ ಕಿತ್ತು ಬರುತ್ತದೆ. ಕೆನ್ನೆಯದು ಇಡುವಾಗ ಬಾಯಿ ತೆರೆದು "ಆ" ಎಂದು ಹಿಡಿಯಬೇಕು. ಅಂದರೆ ನೀವು ರಂಗದಲ್ಲಿ ಯಾವ ಮುಖ ಮಾಡುತ್ತೀರೋ ಆ ಮುಖಕ್ಕೇ ಬಣ್ಣ ಹಾಕಬೇಕು. ಬೇರೆಯವರ ಕೈಯಿಂದ ಇದು ಕಷ್ಟ. ನಿಮ್ಮ ಮುಖ ಎಲ್ಲಿ ಎಳೆಯುತ್ತದೆ ಎಂದು ಅವರಿಗೆ ತಿಳಿಯುವುದಾದರೂ ಹೇಗೆ?

ಶನಿವಾರದ ವೇಷ
@ಚೌಕಿಯ ಮೂಲೆ, ಇದು ನನಗೆ ಬಂಗಾರ ಸಿಕ್ಕಿದ ಹಾಗಾಯ್ತು ಅಜ್ಜ. ಒಂದು ಸಂಶಯ. ಹುಬ್ಬು ಏರಿಸಿಕೊಂಡು ಎಷ್ಟು ಹೊತ್ತು ಕೂರುವುದು? ಎರಡು ನಿಮಿಷಕ್ಕೇ ಹಣೆ ನೋಯ್ತದೆ.

ಚೌಕಿಯ ಮೂಲೆ
ನೋಯಲಿ. ಒಂದು ಬೊಟ್ಟು ಇಡುವಾಗ ಏರಿಸಿ, ಇಟ್ಟ ಮೇಲೆ ನಿಧಾನ ಇಳಿಸಿ, ಪುನಃ ಏರಿಸಿ. ಒಣಗುವವರೆಗೆ ನಗಬೇಡಿ, ಅಷ್ಟು ಸಾಕು. ಚೌಕಿಯಲ್ಲಿ (ಬಣ್ಣದ ಕೋಣೆಯಲ್ಲಿ) ನಮ್ಮನ್ನು ನಗಿಸಲಿಕ್ಕೆಂದೇ ಹಾಸ್ಯಗಾರರು ಎದುರು ಬಂದು ಕೂರುತ್ತಿದ್ದರು, ಆ ಪೀಡೆ ನಿಮಗೂ ಇದ್ದೇ ಇದೆ.

ಚರ್ಮದ ಡಾಕ್ಟ್ರಮ್ಮ
ರೋಮಾಂಚನದ ನಡುವೆ ನಾನೊಂದು ತಣ್ಣೀರು ಹಾಕ್ತೀನಿ, ಕ್ಷಮಿಸಿ. ಸುಣ್ಣದ ತಿಳಿಯ ಪಿಎಚ್ 12 ದಾಟುತ್ತೆ. ಅದು ಬರೀ ಉರಿ ಅಲ್ಲ, ಸುಟ್ಟ ಗಾಯವೇ ಆಗಬಹುದು, ಅದರಲ್ಲೂ ಹಸಿ ಇರುವಾಗ. ಕಣ್ಣಿನ ಸುತ್ತ ಇಡೋದು ನೋಡಿದ್ರೆ ನನಗೆ ಎದೆ ಝಲ್ ಅನ್ನುತ್ತೆ. ಕಣ್ಣಿಗೆ ಬಿದ್ರೆ ಉಜ್ಜಬೇಡಿ, ಸೆರಗಿನಿಂದ ಒರೆಸಬೇಡಿ. ಧಾರಾಳ ನೀರು ಹಾಕ್ತಾ ಕಣ್ಣು ತೆರೆದು ತೊಳೀತಾ ಇರಿ, ಹಾಗೇ ಆಸ್ಪತ್ರೆಗೆ ಹೋಗಿ. "ದೇವಿ ನೋಡ್ಕೊಳ್ತಾಳೆ" ಅಂತ ರಂಗಕ್ಕೆ ಹೋಗಬೇಡಿ.

ಮುಂಗೈ ಕೆಂಪಾಗಿದೆ ಅಂದ್ರೆ ನಿಮ್ಮ ಮಿಶ್ರಣ ಈಗಲೇ ಜಾಸ್ತಿ ಖಾರ. ಆ ಪ್ರಮಾಣ ಮುಖಕ್ಕೆ ಬೇಡವೇ ಬೇಡ. ಆಟದ ಹಿಂದಿನ ದಿನ ಗಡ್ಡ ಬೋಳಿಸಿ, ಅವತ್ತೇ ಬೇಡ. ಹೊಸದಾಗಿ ಬ್ಲೇಡ್ ಆಡಿದ ಚರ್ಮಕ್ಕೆ ಸುಣ್ಣ ಬಿದ್ರೆ ನೀವೇ ಮಹಿಷನ ಹಾಗೆ ಕೂಗ್ತೀರಿ.

ಇನ್ನೊಂದು, ಹಳೆ ಕಾಲದ ಬಣ್ಣ ಅಂತ ಅರದಾಳ (ಹಳದಿ), ಇಂಗಳೀಕ (ಕೆಂಪು) ಹುಡುಕಿಕೊಂಡು ಯಾರೂ ಗ್ರಂಥಿಗೆ ಅಂಗಡಿಗೆ ಹೋಗಬೇಡಿ. ಅರದಾಳ ಆರ್ಸೆನಿಕ್ಕಿನ ಸಲ್ಫೈಡು, ಇಂಗಳೀಕ ಪಾದರಸದ ಸಲ್ಫೈಡು.

ಹಳೆ ಪೆಟ್ಟಿಗೆ
ಡಾಕ್ಟ್ರೇ, ನಮ್ಮ ಹಿರಿಯರು ಜೀವಮಾನವಿಡೀ ಅರದಾಳ ತೇಯ್ದು ಹಚ್ಚಿದ್ದಾರೆ. ಅವರಿಗೇನೂ ಆಗಲಿಲ್ಲ. ಈಗಿನ ಡಬ್ಬಿ ಬಣ್ಣವಾದ ಪ್ಯಾನ್‌ಕೇಕಿಗೇ ಜನರ ಮುಖದಲ್ಲಿ ಗುಳ್ಳೆ ಬರುವುದು.

ಚರ್ಮದ ಡಾಕ್ಟ್ರಮ್ಮ
"ಏನೂ ಆಗಲಿಲ್ಲ" ಅಂತ ಯಾರು ನೋಡಿದ್ರು ಸಾರ್? ಆರ್ಸೆನಿಕ್ಕಿನ ತೊಂದರೆ ಮರುದಿನ ಬರಲ್ಲ. ಅಂಗೈ, ಅಂಗಾಲಲ್ಲಿ ಗಂಟು ಕಟ್ಟುತ್ತೆ, ಚರ್ಮದ ಬಣ್ಣ ಬದಲಾಗುತ್ತೆ, ವರ್ಷಗಟ್ಟಲೆ ಆದಮೇಲೆ ಕ್ಯಾನ್ಸರೂ ಬರಬಹುದು. ಆಗ "ವಯಸ್ಸಾಯ್ತು" ಅಂತಾರೆ. ಅರದಾಳ ನೀರಲ್ಲಿ ಸುಲಭಕ್ಕೆ ಕರಗಲ್ಲ ಅನ್ನೋದು ನಿಜ, ಹಾಗಂತ ತುಟಿಯ ಮೇಲೆ ಹಚ್ಚಿ ರಾತ್ರಿಯಿಡೀ ಬೆವರಿ ನೆಕ್ಕೋಕೆ ಅದು ಅರಿಶಿನ ಅಲ್ಲ. ಪ್ಯಾನ್‌ಕೇಕಿನ ಗುಳ್ಳೆ ಬಗ್ಗೆ ನಿಮ್ಮ ಮಾತು ಒಪ್ತೀನಿ, ಅಗ್ಗದ ಸರಕು ಬೇಕಾದಷ್ಟಿದೆ.

ಹಳೆ ಪೆಟ್ಟಿಗೆ
ಸರಿ. ಹಚ್ಚಿ ಅಂತ ನಾನೂ ಹೇಳುವುದಿಲ್ಲ. ಆದರೆ ಆ ಹಳದಿ ಬೇರೆ. ಗಟ್ಟಿಯನ್ನು ಕಲ್ಲಿನ ಮೇಲೆ ತೆಂಗಿನೆಣ್ಣೆ ಬಿಟ್ಟು ತೇಯುವಾಗ ಮೊದಲು ಮಣ್ಣಿನ ಬಣ್ಣ, ಆಮೇಲೆ ಒಮ್ಮೆಲೇ ಒಳಗಿನಿಂದ ಹೊಳೆಯುತ್ತಾ ಬರುತ್ತಿತ್ತು. ಅದಕ್ಕೆ ಸಫೇದ (ಬಿಳಿ ಪುಡಿ), ಚೂರು ಇಂಗಳೀಕ ಸೇರಿಸಿದರೆ ರಾಜವೇಷದ ಮೈಬಣ್ಣ. ಎಷ್ಟು ಚೂರು ಎಂಬುದು ಒಬ್ಬೊಬ್ಬರ ಗುಟ್ಟು. ದುರ್ಯೋಧನನಿಗೊಂದು, ದೇವೇಂದ್ರನಿಗೊಂದು. ಈಗ ಎಲ್ಲರೂ ಒಂದೇ ಡಬ್ಬಿಯಿಂದ ಎದ್ದು ಬಂದವರು, ಅಣ್ಣತಮ್ಮಂದಿರ ಹಾಗೆ ಕಾಣುತ್ತಾರೆ.

ಲೈಟು ಸೌಂಡು
ಹಳೆ ಪೆಟ್ಟಿಗೆಯವರು ಹೇಳಿದ ಹೊಳಪಿನ ಅರ್ಧ ಪಾಲು ಬೆಳಕಿನದ್ದು, ಬಣ್ಣದ್ದಲ್ಲ. ನಾನು ಆಟಗಳಿಗೆ ಲೈಟು ಹಾಕುವವ. ಹಳದಿ ಬೇಸ್ ಹುಟ್ಟಿದ್ದು ದೀವಟಿಗೆ ಕಾಲದಲ್ಲಿ. ಎಣ್ಣೆಯ ಬೆಳಕು ತಾನೇ ಕೆಂಪು, ಹಳದಿ. ಅದರಲ್ಲಿ ಸಪ್ಪೆ ಮುಖ ಮಾಯವಾಗಿ ಹೋಗ್ತದೆ, ಅದಕ್ಕೆ ದಟ್ಟ ಬಣ್ಣ ಹಾಕ್ತಿದ್ರು. ಆಮೇಲೆ ಗ್ಯಾಸ್‌ಲೈಟು ಬಂತು, ಟ್ಯೂಬ್‌ಲೈಟು ಬಂತು, ಈಗ ಎಲ್‌ಇಡಿ. ಬಿಳಿ ಎಲ್‌ಇಡಿಯಲ್ಲಿ ಅದೇ ಹಳದಿ ಕಾಮಾಲೆ ಬಂದವರ ಹಾಗೆ ಕಾಣ್ತದೆ. ಅದಕ್ಕೇ ಕಲಾವಿದರು ಗುಲಾಬಿಗೆ ಹೋದದ್ದು.

ಚುಟ್ಟಿಗೂ ಇದೇ ಕಥೆ. ಎದುರಿಂದ ಫ್ಲಡ್‌ಲೈಟ್ ಹೊಡೆದರೆ ಅಷ್ಟು ಕಷ್ಟಪಟ್ಟು ಇಟ್ಟ ಮುಳ್ಳಿಗೆ ನೆರಳೇ ಇಲ್ಲ. ಮುಖ ಬಿಳಿ ತಟ್ಟೆ! ನಿಮ್ಮ ಲೈಟಿನವರಿಗೆ ಹೇಳಿ, ಮಹಿಷನ ಪ್ರವೇಶಕ್ಕೆ ಎದುರಿನ ಲೈಟು ಇಳಿಸಿ ಪಕ್ಕದಿಂದ ಬೆಚ್ಚಗಿನ ಬೆಳಕು ಕೊಡ್ಲಿ. ಆಗ ಮಾತ್ರ ನಿಮ್ಮ ಮೂರು ಗಂಟೆಗೆ ಬೆಲೆ.

ಮೂವತ್ತನೇ ಸಾಲು
ನೋಡಿ, ನಾನು ಹೇಳಿದ್ದೂ ಅದೇ. ಲೈಟು ಸರಿ ಇಲ್ಲದಿದ್ರೆ ಫೋಮು, ಅಕ್ಕಿ ಎರಡೂ ಒಂದೇ.

ಲೈಟು ಸೌಂಡು
ನೀವು ಅದನ್ನು ಹೇಳಲೇ ಇಲ್ಲ ಸ್ವಾಮಿ. ಮೇಲೆ ಹೋಗಿ ಓದಿ.

ಕಾಸ್ರೋಡಿನ ಕನ್ನಡತಿ
ಕಥಕಳಿಯಲ್ಲೂ ಚುಟ್ಟಿ ಉಂಟು, ಆದರೆ ಕ್ರಮ ಬೇರೆ. ಅಲ್ಲಿ ನಟ ಚಾಪೆ ಮೇಲೆ ಅಂಗಾತ ಮಲಗ್ತಾನೆ, ಚುಟ್ಟಿ ಇಡುವ ಕಲಾವಿದರೇ ಪ್ರತ್ಯೇಕ. 1930ರಲ್ಲಿ ಕವಿ ವಳ್ಳತ್ತೋಳ್ ಶುರು ಮಾಡಿದ ಕೇರಳ ಕಲಾಮಂಡಲದಲ್ಲಿ ಚುಟ್ಟಿಯನ್ನೇ ವರ್ಷಗಟ್ಟಲೆ ಕಲಿಸ್ತಾರೆ. ನಟರು ಎಷ್ಟೋ ಸಲ ಅಲ್ಲೇ ನಿದ್ದೆ ಹೋಗ್ತಾರೆ, ಏಳುವಾಗ ಮುಖ ತಯಾರು. ಈಗ ದವಡೆಯ ಸುತ್ತ ಕಾಗದ ಕತ್ತರಿಸಿ ಅಂಟಿಸ್ತಾರೆ, ಅದನ್ನು ಹಿಡಿದು ನಿಲ್ಲಿಸಲಿಕ್ಕೆ ಮಾತ್ರ ಅಕ್ಕಿ, ಸುಣ್ಣ. ಹಾಗಾಗಿ "ಅಂಟಿಸಿದ್ದು ಅಪಚಾರ" ಅಂತ ಯಾರೂ ಹೇಳುವುದು ಬೇಡ.

ಉತ್ತರ ಕೇರಳದ ದೈವಾರಾಧನೆ ತೆಯ್ಯಂನಲ್ಲೂ ಹಾಗೇ. ಮಲಗಿದವನ ಮುಖದ ಮೇಲೆ ಇನ್ನೊಬ್ಬರು ತೆಂಗಿನ ಗರಿಯ ಕಡ್ಡಿಯಲ್ಲಿ ಬರೆಯುವುದು. ಆ ಗೆರೆಗಳು ಎಷ್ಟು ಸಪೂರ ಅಂದ್ರೆ, ಕೂತು ಕನ್ನಡಿ ನೋಡಿ ತನಗೆ ತಾನೇ ಬರೆಯಲಿಕ್ಕೆ ಸಾಧ್ಯವೇ ಇಲ್ಲ.

ಚೌಕಿಯ ಮೂಲೆ
ಅಮ್ಮಾ, ಕಥಕಳಿಯವರು ಮಾತಾಡುವುದಿಲ್ಲ. ಆ ವ್ಯತ್ಯಾಸ ಮರೆಯಬೇಡಿ. ಅವರಿಗೆ ದವಡೆಯ ಸುತ್ತ ಕಟ್ಟೆ ಕಟ್ಟಿದರೂ ನಡೆಯುತ್ತದೆ, ಪದ ಹಿಂದಿನವರು ಹಾಡುತ್ತಾರೆ, ಕೈ ಮಾತಾಡುತ್ತದೆ. ನಮಗೆ ರಾವಣ ಬಂದು ಅರ್ಧ ಗಂಟೆ ಅರ್ಥ ಹೇಳಬೇಕು. ದವಡೆಗೆ ಕಟ್ಟೆ ಕಟ್ಟಿದರೆ ಬಾಯಿ ತೆರೆಯುವುದು ಹೇಗೆ? ನಮ್ಮ ಚುಟ್ಟಿ ಕಣ್ಣು, ಹಣೆ, ಕೆನ್ನೆಯ ಮೇಲ್ಭಾಗಕ್ಕೆ ಹೆಚ್ಚು ಹತ್ತಿದ್ದು ಸುಮ್ಮನೆ ಅಲ್ಲ.

ಕಾಸ್ರೋಡಿನ ಕನ್ನಡತಿ
ಹೌದು, ಅದು ಒಪ್ಪತಕ್ಕ ಮಾತು.

ಇತಿಹಾಸ ಪ್ರೇಮಿ
ಆದ್ರೂ ತೆಂಕಿನ ಬಣ್ಣದ ವೇಷ ಕಥಕಳಿಯಿಂದಲೇ ಬಂದದ್ದಲ್ವಾ?

ಹಳೆ ಪೆಟ್ಟಿಗೆ
ಶುರುವಾಯ್ತು.

ಕುಂದಾಪ್ರದ್ ಮಾಣಿ
ಪಾಪ್‌ಕಾರ್ನ್ ತರ್ತೆ, ನಿಲ್ಲಿ.

ಮೇಲ್ವಿಚಾರಕ
ಯಾರಿಂದ ಯಾರು ಕಲಿತರು ಎಂಬ ಜಗಳಕ್ಕೆ ಬೇರೆ ಎಳೆ ಇದೆ, ಅಲ್ಲಿಗೆ ಹೋಗಿ. ಇಲ್ಲಿ ಮುಂದುವರಿಸಿದರೆ ಅಳಿಸುತ್ತೇನೆ.

ಕಾಲಮಿತಿ
ನಿಜವಾದ ವಿಷಯ ಯಾರೂ ಹೇಳ್ತಾ ಇಲ್ಲ. ಚುಟ್ಟಿ ಸಾಯ್ತಿರುವುದು ಫೋಮಿನಿಂದ ಅಲ್ಲ, ಗಡಿಯಾರದಿಂದ. ಮೊದಲು ಆಟ ರಾತ್ರಿಯಿಡೀ. ಮಹಿಷ ಬರುವಾಗ ನಡುರಾತ್ರಿ ಕಳೆದಿರ್ತಿತ್ತು. ಬಣ್ಣದ ವೇಷದವರು ಚೌಕಿಪೂಜೆ ಆದಮೇಲೆ ಒಂದು ನಿದ್ದೆ ತೆಗೆದು, ಎದ್ದು ಕನ್ನಡಿ ಎದುರು ಕೂತರೂ ಸಮಯ ಮಿಗ್ತಿತ್ತು. ಈಗ ಸಂಜೆ ಶುರುವಾಗಿ ನಡುರಾತ್ರಿಯೊಳಗೆ ಮಂಗಳ. ನವೆಂಬರಿಂದ ಮೇ ಕೊನೆಯ ಪತ್ತನಾಜೆವರೆಗೆ ಹೆಚ್ಚುಕಮ್ಮಿ ದಿನಾ ಆಟ. ಇವತ್ತು ಒಂದೂರು, ನಾಳೆ ಇನ್ನೊಂದೂರು. ದಿನಾ ಮೂರ್ನಾಲ್ಕು ಗಂಟೆ ಮುಖದ ಮೇಲೆ ಸುಣ್ಣ ಇಟ್ಕೊಂಡು ಕೂರಿ ಅಂತ ಮೇಳದ ಕಲಾವಿದರಿಗೆ ಹೇಳಲಿಕ್ಕೆ ನಾವು ಯಾರು?

ಹವ್ಯಾಸಿಗಳಿಗೆ ವರ್ಷಕ್ಕೆ ಒಂದೋ ಎರಡೋ ಆಟ. ನಿಮಗೆ ಸಮಯ ಉಂಟು. ನೀವು ಮಾಡದಿದ್ರೆ ಮತ್ತೆ ಯಾರು ಮಾಡುವುದು?

ಬೆಳ್ತಿಗೆ ಅಕ್ಕಿ
ಇದಕ್ಕೆ ನೂರು ಲೈಕ್. ಮೇಳದವರು ರೆಡಿಮೇಡ್ ಹಾಕಿದರೆ ಬೈಯುವವರು ಒಮ್ಮೆ ಮೇ ತಿಂಗಳ ಸೆಕೆಯಲ್ಲಿ ಕಿರೀಟ ಕಟ್ಟಿ ಕೂತು ನೋಡಲಿ.

ಪರಿಷತ್ ಹುಡುಗಿ
ನಾನು ಚಿತ್ರಕಲೆ ಓದೋಳು, ಯಕ್ಷಗಾನ ಅಷ್ಟಾಗಿ ಗೊತ್ತಿಲ್ಲ. ಇದನ್ನೆಲ್ಲ ಓದ್ತಾ ನಮ್ಮ ಕ್ಲಾಸಲ್ಲಿ ಹೇಳಿದ್ದು ನೆನಪಾಯ್ತು. ಜಪಾನಿನ ಕಝುವೊ ಶಿರಾಗಾ ಅಂತ ಒಬ್ಬರು, ಗುಟಾಯ್ ಅನ್ನೋ ಕಲಾವಿದರ ಗುಂಪಿನವರು. ಸೂರಿಂದ ಹಗ್ಗ ಇಳಿಬಿಟ್ಟು ಅದಕ್ಕೆ ಜೋತುಬಿದ್ದು, ನೆಲದ ಮೇಲೆ ಹಾಸಿದ ಕ್ಯಾನ್ವಾಸಲ್ಲಿ ಕಾಲಿಂದಲೇ ಬಣ್ಣ ಎಳೀತಿದ್ರು. 1955ರಲ್ಲಿ ಟೋಕಿಯೊದಲ್ಲಿ ಕೆಸರಿನ ರಾಶಿಯೊಳಗೆ ಅರೆಬೆತ್ತಲೆ ಬಿದ್ದು ಹೊರಳಾಡಿ ಅದನ್ನೇ ಕೃತಿ ಅಂದ್ರು. 1960ರಲ್ಲಿ ಪ್ಯಾರಿಸ್‌ನಲ್ಲಿ ಇವ್ ಕ್ಲೈನ್ ಅನ್ನೋರು ರೂಪದರ್ಶಿಯರ ಮೈಗೆ ನೀಲಿ ಹಚ್ಚಿಸಿ ಕಾಗದಕ್ಕೆ ಒತ್ತಿಸಿದ್ರು, ತಾವು ಮಾತ್ರ ಸೂಟು ಹಾಕ್ಕೊಂಡು ನಿರ್ದೇಶನ! ಇವರನ್ನೆಲ್ಲ ಪರೀಕ್ಷೆಗೆ ಓದ್ತೀವಿ. ಇಲ್ಲಿ ಒಬ್ಬರು ತಮ್ಮ ಮುಖದ ಮೇಲೆ ತಾವೇ ಮೂರು ಗಂಟೆ ಕೂತು ಶಿಲ್ಪ ಕಟ್ಟಿ, ಬೆಳಗಾಗೋದ್ರೊಳಗೆ ತೊಳೆದು ಚೆಲ್ತಾರೆ. ಇದು ಸಿಲೆಬಸ್‌ನಲ್ಲಿ ಒಂದು ಸಾಲೂ ಇಲ್ಲ.

ಮೂವತ್ತನೇ ಸಾಲು
ಕೆಸರಲ್ಲಿ ಹೊರಳಾಡಿದ್ರೆ ಕೃತಿಯಾ? ನಮ್ಮಲ್ಲಿ ಕಂಬಳದ ಓಟಗಾರರು ಹಾಗಾದ್ರೆ ಎಲ್ಲ ಮಹಾನ್ ಕಲಾವಿದರು.

ಪರಿಷತ್ ಹುಡುಗಿ
ತಮಾಷೆ ಮಾಡಿ ಪರವಾಗಿಲ್ಲ. ಆದ್ರೆ ಚೌಕಿ ಅಜ್ಜ ಹೇಳಿದ "ರಂಗದಲ್ಲಿ ಮಾಡುವ ಮುಖಕ್ಕೇ ಬಣ್ಣ" ಅನ್ನೋ ಮಾತನ್ನ ನಾನು ನೋಟ್ಸಲ್ಲಿ ಬರ್ಕೊಂಡಿದ್ದೀನಿ.

ಪಿಲಿ ಫ್ಯಾನ್
ಮೈಗೆ ಬಣ್ಣ ಅಂದ್ಮೇಲೆ ಹುಲಿವೇಷ ಬಿಟ್ರೆ ಹೇಗೆ? ನಿಮ್ಮದು ಮುಖ ಮಾತ್ರ, ನಮ್ಮದು ನೆತ್ತಿಯಿಂದ ಹಿಮ್ಮಡಿವರೆಗೆ. ಮಂಗಳೂರು ದಸರಾಕ್ಕೆ, ಉಡುಪಿ ಅಷ್ಟಮಿಗೆ. ಹಿಂದಿನ ರಾತ್ರಿ ಊದು (ಧೂಪ) ಹಾಕಿ, ಮೈಯೆಲ್ಲ ಶೇವ್ ಮಾಡಿ, ಎರಡು ಕೈ ಚಾಚಿ ಕೋಲು ಹಿಡಿದು ನಿಲ್ಲುವುದು. ಪೇಂಟರ್ ಮೊದಲು ಹಳದಿ ಹೊಡೀತಾನೆ. ಅದು ಒಣಗಬೇಕು. ಕೂರುವ ಹಾಗಿಲ್ಲ, ತುರಿಸುವ ಹಾಗಿಲ್ಲ. ಆಮೇಲೆ ಬಿಳಿ, ಆಮೇಲೆ ಕಪ್ಪು ಪಟ್ಟೆ. ಪಟ್ಟೆ ಹುಲಿಯಾದರೆ ಒಂದು ಲೆಕ್ಕ, ಚಿಟ್ಟೆ ಹುಲಿಯಾದರೆ ಒಂದೊಂದು ಚುಕ್ಕೆಯೂ ಕೈಯಲ್ಲೇ ಬರೀಬೇಕು.

ಹಿಂದೆ ಎಲ್ಲ ಎನಾಮಲ್ ಪೇಂಟ್. ಬಾಗಿಲಿಗೆ ಬಳಿಯುವುದೇ ಮೈಗೆ. ಮೈಯಲ್ಲಿ ಬೆವರು ಹೊರಗೆ ಬಾರದೆ ಜ್ವರ ಬಂದ ಹಾಗೆ ಬಿಸಿ. ತೆಗೆಯಲಿಕ್ಕೆ ಸೀಮೆಎಣ್ಣೆ. ಅದರ ಉರಿಯನ್ನು ಇಲ್ಲಿ ಬರೆದು ತಿಳಿಸಲಿಕ್ಕೆ ಆಗುವುದಿಲ್ಲ. ಈಗ ಸುಮಾರು ತಂಡಗಳು ನೀರಿನ ಬಣ್ಣಕ್ಕೆ ಬಂದಿವೆ.

ಚರ್ಮದ ಡಾಕ್ಟ್ರಮ್ಮ
ಅಯ್ಯೋ ದೇವರೇ. ಸೀಮೆಎಣ್ಣೆ ಬೇಡ, ದಯವಿಟ್ಟು. ತೆಂಗಿನೆಣ್ಣೆ ಹಚ್ಚಿ ನೆನೆಯೋಕೆ ಬಿಡಿ, ಬಟ್ಟೇಲಿ ಒರೆಸಿ, ಮತ್ತೆ ಹಚ್ಚಿ. ಹೊತ್ತು ಹಿಡಿಯುತ್ತೆ, ಹಿಡೀಲಿ.

ಪಿಲಿ ಫ್ಯಾನ್
ಡಾಕ್ಟ್ರೇ, ಇಡೀ ಮೈಗೆ ತೆಂಗಿನೆಣ್ಣೆ ಹಾಕ್ಲಿಕ್ಕೆ ಈಗಿನ ರೇಟಲ್ಲಿ ಬ್ಯಾಂಕ್ ಸಾಲ ಬೇಕು.

ಕುಂದಾಪ್ರದ್ ಮಾಣಿ
ಘಟೋತ್ಕಚನ್ ಕೇಣಿ, ಕೊಡುಕೂ ಸಾಕ್.

ಧಾರವಾಡ ಪೇಡೆ
ನಮ್ಮ ಕಡೆ ದೊಡ್ಡಾಟದಾಗೂ ಬಣ್ಣದ ಪೆಟಗಿ ಇರತಿತ್ರಿ. ಸುಗ್ಗಿ ಮುಗದ ಮ್ಯಾಲೆ ಊರಾಗ ಆಟ. ಪಾತ್ರಧಾರಿಗಳೆಲ್ಲಾ ಹೊಲದಾಗ ದುಡದ ಬಂದ ಮಂದಿ, ಮೀಸಿ ಹುರಿ ಮಾಡಕೊಂಡ ಕನ್ನಡಿ ಮುಂದ ಕುಂದರತಿದ್ರು. ನಮ್ಮ ಕಾಕಾ ರಾಕ್ಷಸನ ಪಾತ್ರ ಮಾಡಾಂವ. ಮಾರಿಗೆ ಬಣ್ಣ ಹಚ್ಚೂದು ಶುರು ಮಾಡಿದ ಮ್ಯಾಲೆ ಯಾರ ಕೂಡಾನೂ ಮಾತಿಲ್ಲ, ಮನಿ ಹೆಂಗಸರು ಎದುರಿಗೆ ಬರಂಗಿಲ್ಲ. ಒಮ್ಮೆ ನಾ ಸಣ್ಣಾಂವ ಇದ್ದಾಗ "ಕಾಕಾ" ಅಂತ ಕರದೆ. ಕನ್ನಡಿ ಒಳಗಿಂದ ಹಂಗ ನೋಡಿದ. ಅರ್ಧ ಮಾರಿ ಕರ್ರಗ, ಅರ್ಧ ಮಾರಿ ನಮ್ಮ ಕಾಕಾಂದ. ಆವತ್ತ ರಾತ್ರಿ ಆಟಾ ನೋಡಲಿಲ್ಲ ನಾ, ಮನ್ಯಾಗ ಹೊದ್ದಕೊಂಡ ಮಲಗಿದೆ.

ಶನಿವಾರದ ವೇಷ
ಧಾರವಾಡದ ಸರ್, ಅದೇ ನನಗೂ ಬೇಕಾದದ್ದು, ಅರ್ಧ ಮುಖದ ಆ ಹೊತ್ತು. ಮೇಕಪ್ಪಿನವರು ಅರ್ಧ ಗಂಟೆಯಲ್ಲಿ ಅಂಟಿಸಿ ಕಳಿಸಿದ್ರೆ ಫೋನು ನೋಡ್ತಾ ಮಹಿಷ ಆಗಿಬಿಡ್ತೇನೆ.

ಮೂವತ್ತನೇ ಸಾಲು
ಇದು ಸ್ವಲ್ಪ ಅತಿಯಾಯ್ತು. ಬಡಗಿನವರು (ಉತ್ತರದ ಶೈಲಿಯವರು), ಸ್ತ್ರೀವೇಷದವರು, ಪುಂಡುವೇಷದವರು ಬೇಗ ಬಣ್ಣ ಮುಗಿಸ್ತಾರೆ. ಅವರು ಪಾತ್ರಕ್ಕೆ ಇಳಿಯುವುದಿಲ್ವಾ? ಹೊತ್ತು ಹಿಡಿದಷ್ಟೂ ಭಕ್ತಿ ಜಾಸ್ತಿ ಅನ್ನುವ ಲೆಕ್ಕ ನನಗೆ ಹಿಡಿಸುವುದಿಲ್ಲ.

ಬಡಗಿನ ಅಭಿಮಾನಿ
ಬಡಗಿನವರು ಬೇಗ ಮುಗಿಸ್ತಾರೆ ಅಂದವರು ಮುಂಡಾಸು ಕಟ್ಟುವುದು ನೋಡಿದ್ದೀರಾ? ನಮ್ಮಲ್ಲಿ ಹೊತ್ತೆಲ್ಲ ತಲೆಗೆ ಹೋಗುತ್ತದೆ. ಅಟ್ಟೆ ಇಟ್ಟು, ಬಟ್ಟೆ ಸುತ್ತಿ, ಜರಿ ಎಳೆದು, ಪ್ರತಿ ಆಟಕ್ಕೂ ಹೊಸದಾಗಿ ಕಟ್ಟಬೇಕು. ಕರ್ಣನ ಮುಂಡಾಸು ಒಂದು ಬೆರಳು ವಾಲಿದರೂ ಇಡೀ ವೇಷ ಸೋತ ಹಾಗೆ ಕಾಣುತ್ತದೆ. ಅದೂ ಕೈಕೆಲಸವೇ. ಆದರೆ ನಿಮ್ಮ ಮುಖ್ಯ ಮಾತು ಸರಿ, ಹೊತ್ತಿಗೂ ಅಭಿನಯಕ್ಕೂ ನೇರ ಸಂಬಂಧ ಇಲ್ಲ.

ಚೌಕಿಯ ಮೂಲೆ
ಭಕ್ತಿಯ ಮಾತು ನಾನು ಎತ್ತಲಿಲ್ಲ. ನಾನು ಹೇಳಿದ್ದು ಚರ್ಮದ ಮಾತು. ಚುಟ್ಟಿ ಒಣಗುವಾಗ ಮುಖ ಬಿಗಿಯುತ್ತದೆ. ಯಾವ ಕಡೆ ಹೆಚ್ಚು ಎಳೆಯುತ್ತದೆ, ಎಲ್ಲಿ ಬಿಡುತ್ತದೆ ಎಂದು ಮೂರು ಗಂಟೆಯಲ್ಲಿ ಗೊತ್ತಾಗಿಬಿಡುತ್ತದೆ. ರಂಗಕ್ಕೆ ಹೋದ ಮೇಲೆ ಕನ್ನಡಿ ಇಲ್ಲ. ಆ ಎಳೆತವೇ ಕನ್ನಡಿ. ಎಡಗೆನ್ನೆ ಇಷ್ಟು ಎಳೆದರೆ ಬಾಯಿ ಇಷ್ಟು ತೆರೆದಿದೆ, ಕಣ್ಣು ಇಷ್ಟು ಅರಳಿದೆ ಎಂದು ಲೆಕ್ಕ ಸಿಗುತ್ತದೆ. ಚಂದ್ರಗಿರಿ ಅಂಬು, ಬಣ್ಣದ ಮಾಲಿಂಗ ಇಂಥವರ ಹೆಸರು ಇವತ್ತಿಗೂ ಜನ ಹೇಳುವುದು ಬರೀ ಬಣ್ಣ ಚೆಂದ ಇತ್ತು ಎಂದಲ್ಲ. ಬಣ್ಣದೊಳಗಿನ ಮುಖವನ್ನು ಆಡಿಸಲಿಕ್ಕೆ ಅವರಿಗೆ ಗೊತ್ತಿತ್ತು.

ಪುಂಡುವೇಷಕ್ಕೆ ಇದು ಬೇಕಾಗಿಲ್ಲ, ಅವರ ಮುಖ ಬಯಲಲ್ಲಿದೆ. ಅವರದ್ದು ಕಾಲಿನ ಕಷ್ಟ.

ಮೂವತ್ತನೇ ಸಾಲು
ಎಳೆತವೇ ಕನ್ನಡಿ ಅನ್ನುವುದು ಹೊಸ ವಿಷಯ. ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಫೋಮಿಗೆ ಎಳೆತ ಇಲ್ಲ, ನಿಜ.

ಕಾಮೆಂಟ್ ಕಾಮತ್
ಮೂವತ್ತನೇ ಸಾಲಿನವರು ಇಪ್ಪತ್ತೊಂಬತ್ತಕ್ಕೆ ಬಂದ್ರು.

ಬೆಳ್ತಿಗೆ ಅಕ್ಕಿ
ಶನಿವಾರದ ವೇಷದವರಿಗೆ ಇನ್ನು ನಾಲ್ಕು ಕೆಲಸದ ಮಾತು.

ಎಣ್ಣೆ ಜಾಸ್ತಿ ಹಾಕಿದರೆ ಚುಟ್ಟಿ ಜಾರ್ತದೆ. ತೆಂಗಿನೆಣ್ಣೆ ತೆಳುವಾಗಿ ಸವರಿ, ಒರೆಸಿ, ಬೇಸ್ ಹಾಕಿ, ಪೌಡರ್ ಒತ್ತಿ. ಕಪ್ಪು, ಕೆಂಪು ಎಲ್ಲ ಬರೆದ ಮೇಲೆ ಕೊನೆಗೆ ಚುಟ್ಟಿ. ಎಡ, ಬಲ ಒಂದೊಂದೇ ಬೊಟ್ಟು ಇಡ್ತಾ ಹೋಗಿ. ಒಂದು ಬದಿ ಮುಗಿಸಿ ಇನ್ನೊಂದಕ್ಕೆ ಹೋದರೆ ಎರಡು ಬದಿಗೆ ಎರಡು ಪ್ರಸಂಗ ಆಗ್ತದೆ. ಫ್ಯಾನಿನ ಎದುರು ಕೂರಬೇಡಿ. ಬೇಗ ಒಣಗಿದ್ದು ಬೇಗ ಬಿರಿಯುತ್ತದೆ. ಮೂಗಿನ ತುದಿಯ ಹತ್ತಿಯ ಉಂಡೆ ಕೊನೆಯಲ್ಲಿ ಇಡಿ, ಮೊದಲೇ ಇಟ್ಟರೆ ಕಣ್ಣಿಗೆ ಅಡ್ಡ ಬಂದು ಕೆನ್ನೆಯ ಸಾಲು ಕಾಣುವುದಿಲ್ಲ. ಬಾಯಾರಿದರೆ ಸ್ಟ್ರಾ. ಶೌಚಾಲಯಕ್ಕೆ ಬಟ್ಟೆ ಕಟ್ಟುವ ಮೊದಲೇ ಹೋಗಿಬನ್ನಿ, ಇದು ತಮಾಷೆ ಅಲ್ಲ.

ತೆಗೆಯುವಾಗ ಕೀಳಬೇಡಿ. ಒದ್ದೆ ಬಟ್ಟೆ ಇಟ್ಟರೆ ಅಕ್ಕಿ ಮೆತ್ತಗಾಗಿ ತಾನೇ ಬಿಡ್ತದೆ. ಆಮೇಲೆ ಎಣ್ಣೆ, ಆಮೇಲೆ ಸೋಪು.

ಚರ್ಮದ ಡಾಕ್ಟ್ರಮ್ಮ
ಕಣ್ಣಿಗೆ ತೀರ ಹತ್ತಿರದ ಸಾಲಿಗೆ ಸುಣ್ಣ ಹಾಕದ ಬರೀ ಅಕ್ಕಿ ಮಿಶ್ರಣ ನಡೆಯುತ್ತಾ? ಬಿಳುಪಿಗೆ ಜಿಂಕ್ ಆಕ್ಸೈಡ್ ಸೇರಿಸಬಹುದು. ಅದು ಮಕ್ಕಳ ಕ್ರೀಮಿಗೂ ಹಾಕೋದು, ಚರ್ಮಕ್ಕೆ ಸೌಮ್ಯ.

ಚೌಕಿಯ ಮೂಲೆ
ಸಫೇದ ಅಂದರೆ ಅದೇ ಅಲ್ಲವೇ ಅಮ್ಮ? ನಡೆಯುತ್ತದೆ. ಸ್ವಲ್ಪ ಮೆತ್ತಗೆ ನಿಲ್ಲುತ್ತದೆ, ಉದ್ದ ಮುಳ್ಳು ಬರುವುದಿಲ್ಲ. ಕಣ್ಣಿನ ಬದಿಗೆ ಉದ್ದ ಬೇಡವೂ ಬೇಡ, ಕಿರೀಟದ ಕಟ್ಟು ಇಳಿದರೆ ಅಲ್ಲಿಗೇ ತಾಗುವುದು.

ಶನಿವಾರದ ವೇಷ
ಎಲ್ಲರಿಗೂ ಉಪಕಾರ. ಹೀಗೆ ತೀರ್ಮಾನ ಮಾಡಿದ್ದೇನೆ: ಕಣ್ಣಿನ ಸುತ್ತ ಅಕ್ಕಿ, ಸಫೇದ. ಹಣೆ, ಕೆನ್ನೆಗೆ ಕಮ್ಮಿ ಸುಣ್ಣದ ಮಿಶ್ರಣ, ಅದೂ ಮುಂಗೈ ಒಪ್ಪಿದ ಮೇಲೆ. ಬಣ್ಣಕ್ಕೆ ಒಳ್ಳೆ ಕಂಪನಿಯದ್ದೇ, ಅರದಾಳದ ಆಸೆ ಬಿಟ್ಟೆ. ಆಟ ಸಂಜೆ ಆರಕ್ಕೆ, ಮಹಿಷನ ಪ್ರವೇಶ ಒಂಬತ್ತರ ಸುಮಾರಿಗೆ. ಐದಕ್ಕೇ ಕನ್ನಡಿ ಎದುರು ಕೂರ್ತೇನೆ. ಮೇಕಪ್ಪಿನವರಿಗೆ ಹೇಳಿದೆ, ಅವರು ನಕ್ಕು "ಫೋಮಿನ ಸಾಲೂ ಚೀಲದಲ್ಲಿ ಇಟ್ಟಿರ್ತೇನೆ, ಉದುರಿದರೆ ಕರೀರಿ" ಅಂದ್ರು.

ಕಾಲಮಿತಿ
ಒಳ್ಳೆಯ ಮೇಕಪ್ಪಿನವರು. ಅವರನ್ನು ಬಿಡಬೇಡಿ.

ಹಳೆ ಪೆಟ್ಟಿಗೆ
ಐದಕ್ಕೆ ಸಾಕಾಗುವುದಿಲ್ಲ, ಮೊದಲ ಸಲ ಅಲ್ಲವೇ. ನಾಲ್ಕಕ್ಕೆ ಕೂರಿ.

ಕಾಮೆಂಟ್ ಕಾಮತ್
ಆಟ ಎಲ್ಲಿ, ಯಾವತ್ತು, ಊಟ ಉಂಟಾ?

ಕುಂದಾಪ್ರದ್ ಮಾಣಿ
ಊಟ ಇದ್ರೆ ನಾನೂ ಬತ್ತೆ. ಹಾಸ್ಯಗಾರ್ರ ಬದಿಯಂಗ್ ಕೂಕಂತೆ, ನಗ್ಸುಕೆ.